ಮೌನೇಶನ ತೊಟ್ಟಿಲು ಅಲುಗಾಡಿರಲಿಲ್ಲ

ನಾನು ಸುಳ್ಳು ಹೇಳಿದೆ. ಸಿಂಧನೂರಿನ ಎಗ್ಜಿಬಿಷನ್ ಮೈದಾನದಲ್ಲಿ, ಉಡಿ ತುಂಬಿಸಿಕೊಂಡು, ಹಣೆಯ ಕುಂಕುಮ ಇನ್ನೂ ಹಸಿಯಾಗಿರುವಾಗಲೇ ಅಷ್ಟೂ ಜನರ ಮುಂದೆ ಸುಳ್ಳು ಹೇಳಿದೆ. ಮೌನೇಶ ಕಟ್ಟಿದ, ಜನ ಕೂತು ಸುತ್ತುವ ದೊಡ್ಡ ತೊಟ್ಟಿಲು ತುದಿಗೆ ಹೋದಾಗ ಝೋಲಿ ಹೊಡೆಯಿತು, ಒಂದು ಕಡೆ ವಾಲಿತು, ಅದಕ್ಕೇ ನನ್ನ ಉಡಿಯ ತೆಂಗಿನಕಾಯಿ ಉರುಳಿಬಿತ್ತು ಎಂದೆ. ತೊಟ್ಟಿಲು ಝೋಲಿ ಹೊಡೆದಿರಲಿಲ್ಲ. ಕೂದಲೆಳೆಯಷ್ಟೂ ಅಲುಗಾಡಿರಲಿಲ್ಲ.

ನೀಲಮ್ಮ, ಇದನ್ನು ನಿನಗೆ ಬರೆಯುತ್ತಿದ್ದೇನೆ. ಬೇರೆಯವರೂ ಓದುತ್ತಾರೆ, ಓದಲಿ. ಸುಳ್ಳನ್ನು ಮೈದಾನದಲ್ಲಿ ಕೂಗಿ ಹೇಳಿ, ನಿಜವನ್ನು ನಿನ್ನ ಕಿವಿಯಲ್ಲಿ ಮಾತ್ರ ಉಸುರಿದರೆ — ಅದು ಎಲ್ಲಿಯ ನ್ಯಾಯ?

ಗೊತ್ತಿಲ್ಲದವರಿಗೆ ಮೊದಲಿಂದ ಹೇಳಬೇಕು. ನಾನು ಗೌರಮ್ಮ. ಹುಟ್ಟಿದ್ದು ಮಸ್ಕಿಯಲ್ಲಿ, ಕೊಟ್ಟಿದ್ದು ಸಿಂಧನೂರಿಗೆ. ನಮ್ಮವರದು ಹಿಟ್ಟಿನ ಗಿರಣಿ. ಗಿರಣಿಯ ಪಕ್ಕದಲ್ಲೇ ಮೌನೇಶನ ವೆಲ್ಡಿಂಗ್ ಶೆಡ್ಡು — ಟ್ರ್ಯಾಕ್ಟರಿನ ಟ್ರ್ಯಾಲಿ ಕಟ್ಟುತ್ತಿದ್ದ. ನೀಲಮ್ಮ ಅವನ ಹೆಂಡತಿ, ನನಗೆ ಒಡಹುಟ್ಟಿದವಳಿಗಿಂತ ಹೆಚ್ಚು. ಈ ಒಂದು ಮಾತು ಬರೆಯುವಾಗ ಕೈ ಸ್ವಲ್ಪ ನಿಂತಿತು. ಇರಲಿ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಲುವೆ ನೀರಿನ ಭತ್ತ ಕೊಯ್ದು, ಜನರ ಕೈ ಬಿಡುವಾದ ಹೊತ್ತಿಗೆ ಎಗ್ಜಿಬಿಷನ್ ಬರುತ್ತಿತ್ತು. ಬಂತೆಂದರೆ ನಮ್ಮ ಗಿರಣಿಯ ಕಟ್ಟೆಯೇ ಅದರ ಕಚೇರಿ. ಜೋಳದ ಡಬ್ಬಿ ಪಾಳಿಗಿಟ್ಟು ಕುಳಿತ ಹೆಂಗಸರು ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ವಾದ ಮಾಡುತ್ತಿದ್ದರು. ಯಾವ ಆಟ ಚೆಂದ, ಯಾವುದು ಬರೀ ಬಣ್ಣ, ಹೋದ ವರ್ಷದ್ದಕ್ಕಿಂತ ಈ ವರ್ಷದ್ದು ಮೇಲೋ ಕೆಳಗೋ. ಒಂದು ವರ್ಷ ಮೈದಾನದ ಒಂದು ಮೂಲೆಯನ್ನೇ ಕಾಶ್ಮೀರ ಮಾಡಿದ್ದರು. ತಗಡಿನ ಗುಡ್ಡ, ಅದರ ಮೇಲೆಲ್ಲ ಹತ್ತಿ ಅಂಟಿಸಿದ ಹಿಮ.

"ಹತ್ತಿ ನೋಡಾಕ ಟಿಕೀಟ್ ತಗೀಬೇಕೇನ್ ಬೇ? ಬಿಡಿಸಿ ಬಿಡಿಸಿ ನಮ್ಮ ಉಗುರು ಸವದಾವ," ಎಂದೆ ನಾನು.

ಜವಳಗೇರಾ ಕಡೆಯ ವಲಸಿಗರ ಕ್ಯಾಂಪಿನ ಸೀತಮ್ಮ, ತೆಲುಗಿನವಳು, ಬಿಡಲಿಲ್ಲ. "ಅದು ಹತ್ತಿ ಅಲ್ಲ ಗೌರಮ್ಮಗಾರೂ, ಹಿಮ! ಕಣ್ಣು ಅರ್ಧ ಮುಚ್ಚಿ ನೋಡಬೇಕು."

"ಪೂರಾ ಮುಚ್ಚಿದ್ರ ಸ್ವರ್ಗಾನ ಕಾಣ್ತೈತಿ. ಅದಕ್ಕ ಟಿಕೀಟೂ ಬ್ಯಾಡ!"

ಕಟ್ಟೆ ಪೂರ್ತಿ ನಕ್ಕಿತು. ನನಗೆ ಆ ನಗು ಬೇಕಿತ್ತು. ಅಡುಗೆ, ಪೂಜೆ, ಗಿರಣಿಯ ಧೂಳು — ಇದರಾಚೆ ನನ್ನ ಮಾತಿಗೆ ಬೆಲೆ ಇದ್ದದ್ದು ಆ ಕಟ್ಟೆಯ ಮೇಲೆ ಮಾತ್ರ. ಆಟಗಳ ವಿಷಯದಲ್ಲಿ ಗೌರಮ್ಮ ಅಂದದ್ದೇ ಕೊನೆ.

ನನ್ನ ಮಾತು ಒಂದೇ ಇತ್ತು. ತೊಟ್ಟಿಲೆಂದರೆ ನಮ್ಮ ಮಸ್ಕಿಯ ಮರದ ತೊಟ್ಟಿಲು. ನಾಲ್ಕೇ ಪೆಟ್ಟಿಗೆ, ಗಂಡಸರು ಕೈಯಿಂದ ತಳ್ಳಿ ತಿರುಗಿಸುತ್ತಿದ್ದರು, ಕಿರ್ರೆನ್ನುತ್ತಿತ್ತು, ಜೀವ ಬಾಯಿಗೆ ಬರುತ್ತಿತ್ತು. "ಮ್ಯಾಲೆ ಹೋದಾಗ ಹೊಟ್ಟಿ ಕೆಳಗ ಉಳೀಬೇಕು. ಅದು ತೊಟ್ಟಿಲು. ಉಳಿದದ್ದೆಲ್ಲಾ ಸಿಂಗಾರ."

ನೀಲಮ್ಮ ಮಾತ್ರ ಮೆಲ್ಲಗೆ ತಲೆಯಾಡಿಸುತ್ತಿದ್ದಳು. "ಗೌರಕ್ಕಾ, ತಿರುಗೋದು ಎಲ್ಲಾ ತೊಟ್ಟಿಲೂ ತಿರುಗ್ತಾವ. ಎಲ್ಲಿಂದ ಹತ್ತಿದ್ವಿ, ಎಲ್ಲಿಗೆ ಇಳದ್ವಿ ಅನಸಬೇಕಲ್ಲಾ? ಹತ್ತಿದಲ್ಲೇ ಇಳಿದ್ರ ಏನ್ ಬಂತು?"

"ತೊಟ್ಟಿಲು ಹತ್ತಿದಲ್ಲೇ ಇಳಿಸ್ತೈತಿ ಹುಚ್ಚೀ. ಬಸ್ಸೇನದು?"

ಆಗಲೂ ಕಟ್ಟೆ ನಕ್ಕಿತು. ನೀಲಮ್ಮ ನಗಲಿಲ್ಲ. ಅವಳು ಗಂಡನ ಹತ್ತಿರ ಹೇಳಿದಳು. ಅವನು ಅದನ್ನು ಕಬ್ಬಿಣದಲ್ಲಿ ಮಾಡಿದ.

ಮುಂದಿನ ಸಲ ಎಗ್ಜಿಬಿಷನ್ ಬರುವ ಹೊತ್ತಿಗೆ ಶೆಡ್ಡಿನಲ್ಲಿ ತೊಟ್ಟಿಲು ಸಿದ್ಧವಾಗಿತ್ತು. ಬರೀ ತೊಟ್ಟಿಲಲ್ಲ — ಒಂದು ಊರೇ. ಒಂದು ಕಡೆ ತಗಡಿನ ಡ್ಯಾಮು, ಗೇಟುಗಳ ಸಮೇತ. ಗೇಟಿನ ಮೇಲಿಂದ ತೂತು ಕೊರೆದ ಪೈಪಿನ ನೀರು ಜುಳುಜುಳು ಇಳಿಯಬೇಕು. ಜನ ಆ ಗೇಟಿನ ಕೆಳಗೆ ನಡೆದು ಬಂದು ಪೆಟ್ಟಿಗೆ ಹತ್ತಬೇಕು. ಪೆಟ್ಟಿಗೆಗಳಿಗೆ ನೀರೆತ್ತುವ ಕೊಡದ ಆಕಾರ. ತುದಿಗೆ ಹೋದಾಗ ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ಇನ್ನೊಂದು ಬದಿಗೆ ಇಳಿಯುತ್ತದೆ — ಅಲ್ಲಿ ತಟ್ಟೆಗಳಲ್ಲಿ ನಿಜವಾದ ಭತ್ತದ ಸಸಿ, ಹಸಿರೋ ಹಸಿರು. ಜನ ನೀರಾಗಿ ಹತ್ತಿ ಗದ್ದೆಗೆ ಇಳಿಯಬೇಕು. ಇದು ನೀಲಮ್ಮನ ತಲೆ.

ಮೈದಾನದ ಮ್ಯಾನೇಜರ್ ಸಂಶಯದಿಂದಲೇ ಒಂದು ಮೂಲೆ ಕೊಟ್ಟ. "ಮೊದಲ ದಿನ ಜನ ಕೂತರ ಇರಲಿ. ಕೂಡಲಿಲ್ಲಂದ್ರ ಮರುದಿನ ಬಿಚ್ಚಿಬಿಡ್ರಿ," ಎಂದಿದ್ದ. ಮೌನೇಶ ಟ್ರ್ಯಾಲಿ ಕೆಲಸವನ್ನೆಲ್ಲ ಬಿಟ್ಟು ಇದಕ್ಕೇ ಬಿದ್ದಿದ್ದ. ಇದು ನಿಂತರೆ ಅವನು ತೊಟ್ಟಿಲು ಕಟ್ಟುವವನು. ಬಿದ್ದರೆ ಹುಚ್ಚ.

ಗಿರಣಿ ಕಟ್ಟೆಯಲ್ಲಿ ನಾನು ಅಂದಿದ್ದೆ: "ಆ ಡ್ಯಾಮಿನ ತೊಟ್ಟಿಲು ಚೊಲೋ ಐತಿ ಅಂತ ನನ್ನ ಬಾಯಾಗ ಬಂದರ, ನಾ ಈ ಕಟ್ಟಿ ಬಿಟ್ಟು ಒಳಗ ಹೋಗಿ ಕೂಡ್ತೀನಿ."

ಹಾಗಂದ ನನ್ನನ್ನೇ ನೀಲಮ್ಮ ಮೊದಲ ಸುತ್ತಿಗೆ ಕರೆದಳು.

ನಮ್ಮ ಕಡೆಯ ರೂಢಿ ಅದು. ಹೊಸ ತೊಟ್ಟಿಲು ಶುರುವಾಗುವಾಗ ಕಾಯಿ ಒಡೆದು, ಒಬ್ಬ ಮುತ್ತೈದೆಗೆ ಉಡಿ ತುಂಬಿ, ಮೊದಲ ಸುತ್ತು ಒಬ್ಬಳನ್ನೇ ಕೂಡಿಸುತ್ತಾರೆ. ಅವಳು ಸೆರಗಿನಲ್ಲಿ ಅಕ್ಕಿ, ಕಾಯಿ, ಎಲೆ ಅಡಿಕೆ, ರವಿಕೆಗೆಂದು ಕೊಡುವ ಕುಬಸದ ಕಣ ಹಿಡಿದು ಸುತ್ತಿ ಬರಬೇಕು. ಉಡಿ ಚೆಲ್ಲದೆ ಬಂದರೆ ದೇವಿ ಒಪ್ಪಿದಳು ಎಂದು ಅರ್ಥ. ಚೆಲ್ಲಿದರೆ — ಯಾವ ತಾಯಿ ತನ್ನ ಕೂಸನ್ನು ಅದರಲ್ಲಿ ಕೂಡಿಸುತ್ತಾಳೆ?

ಇಂಜಿನ್ ಶುರುವಾಯಿತು. ನಾನು ಎರಡೂ ಕೈಯಿಂದ ಉಡಿ ಗಟ್ಟಿಯಾಗಿ ಹಿಡಿದಿದ್ದೆ. ಡ್ಯಾಮಿನ ನೀರಿನ ಹನಿ ಮುಖಕ್ಕೆ ಸಿಡಿಯಿತು. ಪೆಟ್ಟಿಗೆ ಏರಿತು — ನೆಲ ಬಿಟ್ಟದ್ದೇ ತಿಳಿಯಲಿಲ್ಲ, ಯಾರೋ ಕಂಕುಳಲ್ಲಿ ಎತ್ತಿಕೊಂಡ ಹಾಗೆ. ತುದಿಗೆ ಬಂದು ನಿಂತಿತು. ಆಗ ಕಂಡಿತು. ಬಿಸಿಲು ಇಳಿಯುತ್ತಿತ್ತು, ದೂರದಲ್ಲಿ ನಿಜವಾದ ಕಾಲುವೆ, ವಳಕಮದಿನ್ನಿಯ ಕಡೆಗೆ ಹೊಳೆಯುತ್ತ ಹೋಗಿತ್ತು. ಮದುವೆಯಾಗಿ ಬಂದ ದಿನದಿಂದ ಆ ನೀರಿನ ಅನ್ನ ಉಂಡಿದ್ದೆ. ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ. ನನಗೆ — ಹೇಗೆ ಹೇಳಲಿ — ಅಳು ಬಂತು, ನಗು ಬಂತು, ಎರಡೂ ಕೈ ತಾವಾಗಿ ಎದ್ದು ಜೋಡಿದವು. "ಯವ್ವಾ, ತಾಯೇ" ಎಂದೆ.

ಕೈ ಎದ್ದವು. ಸೆರಗು ಸಡಿಲಾಯಿತು. ಕಾಯಿ ಉರುಳಿತು.

ಇಷ್ಟೇ ನಿಜ. ತೊಟ್ಟಿಲು ಚೆಂದವಿತ್ತು, ನನ್ನನ್ನು ನಾನೇ ಮರೆಯುವಷ್ಟು ಚೆಂದವಿತ್ತು, ಅದಕ್ಕೇ ಉಡಿ ಚೆಲ್ಲಿತು.

ಇಳಿದಾಗ ಕಾಯಿ ಪೆಟ್ಟಿಗೆಯ ತಳದಲ್ಲಿತ್ತು, ಅಕ್ಕಿ ಕಾಲ ಸುತ್ತ. ಎಲ್ಲರೂ ನೋಡಿದರು. ಸೀತಮ್ಮ ಕೇಳಿದಳು, "ಏನಾಯ್ತು ಗೌರಮ್ಮಗಾರೂ? ಅಲುಗಾಡಿತಾ?"

ಗಿರಣಿ ಕಟ್ಟೆಯ ಅಷ್ಟೂ ಮುಖಗಳು ಅಲ್ಲಿದ್ದವು. ಖುಷಿಯಿಂದ ಕೈ ಎತ್ತಿದೆ ಎಂದರೆ ನಾನು ಸೋತೆ. ಆ ಕ್ಷಣ ನನಗೆ ಕಂಡದ್ದು ಅಷ್ಟೇ — ಮೌನೇಶನೂ ಕಾಣಲಿಲ್ಲ, ನೀಲಮ್ಮನೂ ಕಾಣಲಿಲ್ಲ.

"ಹೂಂ. ಮ್ಯಾಲೆ ಹೋದಾಗ ಝೋಲಿ ಹೊಡೀತು," ಎಂದೆ.

ಯಾರೂ ಹತ್ತಲಿಲ್ಲ. ಮರುದಿನ ಮೌನೇಶ ಬಿಚ್ಚಿದ.

ಅಷ್ಟಕ್ಕೆ ಮುಗಿದಿದ್ದರೆ ನನ್ನ ಪಾಪ ಸಣ್ಣದಿತ್ತೇನೋ. ನೀಲಮ್ಮ, ಆ ಸಂಜೆ ನೀನು ಹೊಸ ಕಾಯಿ, ಹೊಸ ಕುಬಸದ ಕಣ ತೆಗೆದುಕೊಂಡು ನಮ್ಮ ಮನೆಗೆ ಬಂದೆ. "ಗೌರಕ್ಕಾ, ನಮ್ಮ ತಪ್ಪಿಗೆ ನಿನ್ನ ಉಡಿ ಚೆಲ್ಲಿತು. ನನ್ನ ಹೊಟ್ಟ್ಯಾಗ ಬೆಂಕಿ ಬಿದ್ದೈತಿ. ಇನ್ನೊಮ್ಮೆ ತುಂಬಿಸಿಕೋ," ಎಂದು ನನ್ನ ಕಾಲು ಮುಟ್ಟಿದೆ. ನಾನು ಸೆರಗು ಒಡ್ಡಿದೆ. ತುಂಬಿಸಿಕೊಂಡೆ. ಬಾಯಿ ಬಿಡಲಿಲ್ಲ. ದೇವರ ಮುಂದೆ ದೀಪ ಹಚ್ಚುವಾಗಲೆಲ್ಲ ನೆನಪಾಗುವುದು ಮೈದಾನವಲ್ಲ. ಆ ಒಡ್ಡಿದ ಸೆರಗು.

ನಾನು ದಿನಾ ಮಲಗುವ ಮೊದಲು ಆ ದಿನದ ಸಣ್ಣ ದಯೆಗಳನ್ನು ನೆನೆಯುವವಳು. ಹಾಲು ಒಡೆಯಲಿಲ್ಲ, ಅದೊಂದು ದಯೆ. ಗಿರಣಿಯ ಬೆಲ್ಟು ಹರಿದಾಗ ಯಾರ ಕೈಯೂ ಹತ್ತಿರವಿರಲಿಲ್ಲ, ಅದೊಂದು ದಯೆ. ಆಗ ನೆನೆದ ದಯೆ ಯಾವುದೆಂದರೆ — ಮೌನೇಶ ಆ ಕಬ್ಬಿಣವನ್ನು ಗುಜರಿಗೆ ಹಾಕಲಿಲ್ಲ.

ಹಾಕಲಿಲ್ಲ! ಅಚ್ಚು ಬಿಚ್ಚಿದ, ಬೇರಿಂಗು ಬಿಚ್ಚಿದ, ಇಲ್ಲದ ಝೋಲಿಯನ್ನು ಹುಡುಕಿದ. ಸಿಗಲಿಲ್ಲ. ಸಿಗುವುದಾದರೂ ಹೇಗೆ? ಕೊನೆಗೆ ಪ್ರತಿ ಪೆಟ್ಟಿಗೆಗೂ ಮಡಿಲ ಮೇಲೆ ಬರುವ ಅಡ್ಡಪಟ್ಟಿ ಹಾಕಿದ, ಅದರ ಮುಂದೆ ಉಡಿ ಇಡಲು ಒಂದು ತಟ್ಟೆ ಬೆಸೆದ. ಟ್ರ್ಯಾಲಿಗೆ ಹೇರಿಕೊಂಡು ಲಿಂಗಸುಗೂರಿಗೆ ಹೋದರು ಗಂಡ ಹೆಂಡತಿ. ಅಲ್ಲಿಯ ಜನಕ್ಕೆ ಝೋಲಿಯ ಸುದ್ದಿ ಗೊತ್ತಿರಲಿಲ್ಲ. ಬಿಸಿಲು ಸೀಮೆಯವರು, ಕಾಲುವೆ ಇಲ್ಲದವರು. ಡ್ಯಾಮಿನ ನೀರು ಮುಖಕ್ಕೆ ಸಿಡಿದರೆ ಕೇಕೆ ಹಾಕುತ್ತಿದ್ದರಂತೆ. ಇಳಿದವರು ಮತ್ತೆ ಪಾಳಿಗೆ ನಿಲ್ಲುತ್ತಿದ್ದರಂತೆ. ಮುದುಕಿಯರು ಇಳಿಯುವಾಗ ಸಸಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರಂತೆ. ಮಸ್ಕಿಯವರು — ನನ್ನ ತವರಿನವರು, ಮರದ ತೊಟ್ಟಿಲಿನವರು! — ಬಸ್ಸು ಹಿಡಿದು ಲಿಂಗಸುಗೂರಿಗೆ ಹೋಗಿ ಕೂತು ಬಂದರು. ನಮ್ಮಣ್ಣನೇ ಬಂದು ಹೇಳಿದ, "ಗೌರೀ, ಅದರ ಮುಂದ ನಮ್ಮದು ಎತ್ತಿನಗಾಲಿ ಬೇ."

ಮುಂದಿನ ವರ್ಷ ಸಿಂಧನೂರಿನ ಮ್ಯಾನೇಜರ್ ತಾನೇ ಹೋಗಿ ಕರೆತಂದ. ಮೂಲೆಯಲ್ಲಿ ಅಲ್ಲ, ಮೈದಾನದ ನಡುಮಧ್ಯೆ ನಿಲ್ಲಿಸಿದ. ಲೈಟು ಹಚ್ಚಿದಾಗ ಡ್ಯಾಮು ಹೊಳೆದದ್ದು ಬಸ್ ಸ್ಟ್ಯಾಂಡಿನವರೆಗೆ ಕಂಡಿತು. ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬಿ ಜನ ಬಂದರು. ಮೊದಲ ಸುತ್ತಿಗೆ ಯಾರು ಎಂದರೆ ನೀನು ಹಟ ಹಿಡಿದೆ, ನೀಲಮ್ಮ. "ಗೌರಕ್ಕನೇ ಕೂಡಬೇಕು."

ಕೂತೆ. ಇಳಿದಾಗ ಉಡಿಯ ಒಂದು ಕಾಳೂ ಚೆಲ್ಲಿರಲಿಲ್ಲ. "ಚೊಲೋ ಐತ್ರೆವ್ವಾ! ಇಂಥಾ ತೊಟ್ಟಿಲು ನಾ ಕಂಡಿಲ್ಲ! ಎಲ್ಲಾರೂ ಕೂಡ್ರಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಜನ ನುಗ್ಗಿದರು. ಸೀತಮ್ಮ ಚಪ್ಪಲಿ ಬಿಟ್ಟು ಓಡಿ ಹತ್ತಿದಳು. ಮೌನೇಶನನ್ನು ಹೆಗಲ ಮೇಲೆ ಹೊತ್ತರು. ಇಂಜಿನ್ನಿನ ಸದ್ದು ಕೇಳದಷ್ಟು ಶಿಳ್ಳೆ. ಅಂಥ ಗೆಲುವನ್ನು ನಾನು ಆಮೇಲೂ ನೋಡಿಲ್ಲ. ಮರುದಿನ ಕಟ್ಟೆ ಬಿಟ್ಟು ಒಳಗೆ ಹೋಗಿ ಕೂತೆ, ಮಾತಿನಂತೆ. ಎಲ್ಲರೂ ನಗುತ್ತ ಕೈಹಿಡಿದು ಎಳೆದುತಂದು ಕೂಡಿಸಿದರು.

ಆದರೆ ಆ ಗೆಲುವಿನ ನಡುವೆಯೇ, ಹೆಗಲ ಮೇಲಿಂದ ಇಳಿದ ಮೌನೇಶ ನನ್ನ ಕಡೆ ಬೆರಳು ತೋರಿಸಿ ಹೇಳಿದ್ದ, "ಇದರ ಗುರು ಈ ಅಕ್ಕಾರು. ಮೊದಲನೇದರಾಗ ನನ್ನ ಕೈ ತಪ್ಪಿತ್ತು. ಅವರು ಹೇಳಿದ್ದಕ್ಕ ಸುಧಾರಿಸಿತು." ಜನ ನನಗೆ ಚಪ್ಪಾಳೆ ಹೊಡೆದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು.

ಈಗ ನಿಮ್ಮದು ಲಿಂಗಸುಗೂರಿನಲ್ಲಿ ದೊಡ್ಡ ಶೆಡ್ಡು. ಹೈದರಾಬಾದಿನಿಂದ ಹೊಸ ಹೊಸ ಆಟ ಬರುತ್ತಿವೆ, ತೂಗುವ ದೋಣಿ, ಮುಳುಗಿ ಏಳುವ ರೈಲು. ಗಿರಣಿ ಕಟ್ಟೆಯಲ್ಲಿ ಈಗಿನ ಸೊಸೆಯಂದಿರು ಅದೇ ವಾದ ಮಾಡುತ್ತಾರೆ. ಮೊನ್ನೆ ಒಬ್ಬಳು ಎಲ್ಲ ತಿಳಿದವಳಂತೆ ಹೇಳುತ್ತಿದ್ದಳು: "ಏನ ಅನ್ರಿ, ಡ್ಯಾಮಿನ ತೊಟ್ಟಿಲಿಗೆ ಸಮ ಯಾವುದಿಲ್ಲ. ಆದ್ರ ಮೌನೇಶಣ್ಣಗ ಮೊದಲ ಕೆಲಸ ಬರ್ತಿದ್ದಿಲ್ಲಂತ. ನಮ್ಮ ಗೌರತ್ತಿನೇ ಕಲಿಸ್ಯಾರ."

ನನ್ನ ಮುಂದೆಯೇ. ನನ್ನ ಮೊರದಲ್ಲಿ ಜೋಳ ಹಸನು ಮಾಡುತ್ತ.

ಅವನ ಮೊದಲ ತೊಟ್ಟಿಲಿಗೆ ಕುಂದು ಇರಲಿಲ್ಲ. ಅವನಿಗೆ ಅದು ಗೊತ್ತಿಲ್ಲ. ಇಷ್ಟು ವರ್ಷ ತನ್ನ ಕೈಯನ್ನೇ ಸಂಶಯದಿಂದ ನೋಡಿಕೊಂಡು, ಪ್ರತಿ ಅಚ್ಚನ್ನೂ ಬಿಚ್ಚಿ ಮತ್ತೆ ಜೋಡಿಸುತ್ತಾನೆ ಎಂದು ನೀನೇ ಹೇಳಿದ್ದೆ. ನೀನು ಅದನ್ನು ಹೊಗಳಿಕೆಯಾಗಿ ಹೇಳಿದ್ದೆ.

ಅಡ್ಡಪಟ್ಟಿ ಒಳ್ಳೆಯದೇ ಆಯಿತಲ್ಲ ಎಂದು ಮನಸ್ಸು ಹೇಳುತ್ತದೆ. ಆ ಮನಸ್ಸಿನ ಮಾತು ಕೇಳಿಯೇ ಇಷ್ಟು ವರ್ಷ ಕಳೆದೆ. ಇನ್ನು ಕೇಳುವುದಿಲ್ಲ.

ಮಸ್ಕಿಯಲ್ಲಿ ಈ ಸಲ ನಿಮ್ಮ ಹೊಸ ತೊಟ್ಟಿಲು ನಿಲ್ಲುತ್ತದಂತೆ. ಮೊದಲ ಸುತ್ತಿಗೆ ನನಗೇ ಹೇಳಿ ಕಳಿಸಿದ್ದೀಯ. ನಾನು ಕೂಡುವುದಿಲ್ಲ. ಬಂದು, ಮೈಕು ಇದ್ದರೆ ಮೈಕಿನಲ್ಲಿ, ಇಲ್ಲದಿದ್ದರೆ ಈ ಗಂಟಲಿನಲ್ಲೇ, ಇದನ್ನು ಹೇಳುತ್ತೇನೆ. ಅದಕ್ಕೂ ಮೊದಲು ಸೋಮವಾರ ಬೆಳಗಿನ ಬಸ್ಸಿಗೆ ಲಿಂಗಸುಗೂರಿಗೆ, ನಿಮ್ಮ ಮನೆಗೆ ಬರುತ್ತೇನೆ. ಮೌನೇಶ ಮನೆಯಲ್ಲೇ ಇರಲಿ. ನಾನು ಅವನಿಗೆ ಹೇಳಿ ಮುಗಿಸುವವರೆಗೆ ಒಲೆಯ ಮೇಲೆ ಚಹಾ ಇಡಬೇಡ, ನೀಲಮ್ಮ. ಕೇಳಿದ ಮೇಲೆ ಇಡಬೇಕೋ ಬೇಡವೋ — ನೀನೇ ನೋಡು.