ಕೈ ಮುಟ್ಟದ ಡಾಕ್ಟರು

ಮಾನ್ವಿಯ ಆ ಹೋಮಿಯೋಪಥಿ ಡಾಕ್ಟರ ಬೆರಳುಗಳು ಸದಾ ಸ್ಪಿರಿಟ್ ವಾಸನೆ ಹೊಡೆಯುತ್ತಿದ್ದವು. ಉದ್ದನೆಯ, ಸುಕ್ಕುಗಟ್ಟಿದ ಬೆರಳುಗಳು. ಸೀಸೆಯನ್ನು ಮುಟ್ಟುತ್ತಿದ್ದವು, ಮುಚ್ಚಳವನ್ನು ಮುಟ್ಟುತ್ತಿದ್ದವು, ಗುಳಿಗೆಯನ್ನು ಮಾತ್ರ ಎಂದೂ ಇಲ್ಲ. ಸಾಬೂದಾಣಿಯಂಥ ಬಿಳಿ ಗುಳಿಗೆಗಳನ್ನು ಮುಚ್ಚಳಕ್ಕೆ ಸುರುವಿಕೊಂಡು, ಒಂದು ಗೇಣು ಮೇಲಿನಿಂದ ನೇರ ರೋಗಿಯ ಬಾಯಿಗೇ ಹಾಕುತ್ತಿದ್ದರು.

ಬಂಗಾಳದ ಕಡೆಯಿಂದ ಬಂದವರು. ಇಷ್ಟು ವರ್ಷ ಇಲ್ಲಿದ್ದೂ ಕಲಿತ ಕನ್ನಡ ಹತ್ತೋ ಹದಿನೈದೋ ಮಾತು, ಅದೂ ಎಲ್ಲ ಏಕವಚನ. ಗೌಡರಿಗೂ ‘ಬಾ, ಕುಂಡ್ರು’, ಹಮಾಲರಿಗೂ ‘ಬಾ, ಕುಂಡ್ರು’. ಉಳ್ಳಾಗಡ್ಡಿ ತಿಂದು ಬಂದವರನ್ನಂತೂ ಒಳಗೆ ಬಿಡುತ್ತಲೇ ಇರಲಿಲ್ಲ. ‘ಬಾಯಿ ನಾರತದ. ಹೊರಗ ಹೋಗು!’ ರೊಟ್ಟಿ ಜೊತೆ ಉಳ್ಳಾಗಡ್ಡಿ ಕಚ್ಚದ ಬಾಯಿ ನಮ್ಮ ಸೀಮೆಯಲ್ಲಿ ಎಲ್ಲಿ ಸಿಗಬೇಕು?

ಅವ್ವನನ್ನು ಅವರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಆಗ ರಾಯಚೂರಿನಲ್ಲಿ ಬಿ.ಎಡ್. ಓದುತ್ತಿದ್ದೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಲ್ಲಟದ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸಿ ಬಿಡಿಸಿ ಅವ್ವನ ಅಂಗೈ ಬಿರಿದು ರಕ್ತ ಜಿನುಗುತ್ತಿತ್ತು. ಡಾಕ್ಟರು ಸೀಸೆ ತೆಗೆದಾಗ ಅವ್ವ ಕೈಯೊಡ್ಡಿದಳು.

‘ಕೈ ಬೇಡ! ಕೈ ತೆಗಿ!’ ಎಂದು ಅರಚಿದರು.

ಅವ್ವ ಕೈ ಹಿಂದಕ್ಕೆ ಕಟ್ಟಿಕೊಂಡು, ಮುಖ ಮೇಲೆತ್ತಿ ಬಾಯಿ ತೆರೆದಳು. ನಮ್ಮ ಕೇರಿಯವರಿಗೆ ಊರ ಹೋಟೆಲಿನವರು ಮುಟ್ಟಿಸಿಕೊಳ್ಳದೆ ಮೇಲಿನಿಂದ ನೀರು ಹೊಯ್ಯುತ್ತಿದ್ದರಲ್ಲ, ಆಗ ಕಲಿತ ಅಭ್ಯಾಸ. ನೋಡಿ ನನ್ನ ಪಿತ್ತ ನೆತ್ತಿಗೇರಿತು. ಮುಚ್ಚಳ ಹಿಡಿದ ಅವರ ಕೈಗೆ ಬೀಸಿ ಹೊಡೆದೆ.

‘ನಮ್ಮವ್ವ ಏನ್ ನಾಯಿ ಏನಲೇ, ಮೇಲಿಂದ ಒಗಿಯಾಕ?’

ಸಂಜೆಗೆ ಕೇರಿಯ ಹುಡುಗರನ್ನು ಕರೆದೊಯ್ದವಳೂ ನಾನೇ. ಒಂದು ಸೀಸೆಯನ್ನೂ ಉಳಿಸಲಿಲ್ಲ. ಡಾಕ್ಟರು ಒಡೆದ ಗಾಜಿನ ನಡುವೆ ನಿಂತು ‘ಔಷಧ, ಔಷಧ’ ಎಂದಷ್ಟೇ ಹೇಳುತ್ತಿದ್ದರು. ಬೇರೇನಾದರೂ ಹೇಳಲು ಮಾತು ಬರಬೇಕಲ್ಲ! ನಾವು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಮರುದಿನವೇ ಅವರು ಮಾನ್ವಿ ಬಿಟ್ಟರು.

ಮನೆಗೆ ಬಂದರೆ ಅವ್ವ, ‘ನನ್ನ ಕೈ ಉರಿಯಾಕತ್ತಾವ. ನಿನ್ನ ಮರ್ಯಾದಿ ತಗೊಂಡು ಹಚ್ಚಿಕೊಳ್ಳಲೇನು?’ ಎಂದಳು.

ನಾನು ದೇವದುರ್ಗದಲ್ಲಿ ಟೀಚರಾಗಿ ಎಷ್ಟೋ ವರ್ಷಗಳಾದ ಮೇಲೆ, ತಲೆನೋವೆಂದು ರಾಯಚೂರಿನ ಒಬ್ಬ ಹೋಮಿಯೋಪಥಿ ಡಾಕ್ಟರಮ್ಮನ ಹತ್ತಿರ ಹೋದೆ. ಅವರೂ ಮುಚ್ಚಳದಿಂದಲೇ ಬಾಯಿಗೆ ಹಾಕಿದರು. ‘ಕೈ ತಾಗಿದ್ರ ಗುಣ ಹೋಗ್ತದಂತ ನಮ್ಮ ಪದ್ಧತಿರೀ ಟೀಚರ್. ಯಾರ ಕೈ ಆದ್ರೂ ಅಷ್ಟ. ನನ್ನ ಕೈನೂ.’

ಮಾನ್ವಿಯ ಆ ಡಾಕ್ಟರನ್ನು ಹುಡುಕಿಕೊಂಡು ಹೋದೆ. ಕವಿತಾಳದ ಒಂದು ಬಾಡಿಗೆ ಕೋಣೆಯಲ್ಲಿ ಲಕ್ವ ಹೊಡೆದು ಮಲಗಿದ್ದರು. ಅವರ ಹೆಂಡತಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ‘ಅಲ್ಲಿ ಬಂಗಾಳದಾಗ ನಮ್ಮ ಮಂದಿನ ಬಾವಿ ಹತ್ರ ಬಿಡ್ತಿದ್ದಿಲ್ಲವ್ವಾ. ಡಾಕ್ಟರ್ ಆದ್ರ ಮನಿಯೊಳಗ ಕರೀತಾರಂತ ಕಲಿತ್ರು’ ಎನ್ನುತ್ತಾ, ಅವರಿಗೆ ಗುಳಿಗೆ ಹಾಕಲು ನನ್ನ ಕೈಗೇ ಸೀಸೆ ಕೊಟ್ಟರು. ನಾನು ಯಾರೆಂದು ಹೇಳುವ ಧೈರ್ಯ ನನಗೆಲ್ಲಿ?

ಮುಚ್ಚಳಕ್ಕೆ ಸುರುವಿದೆ. ಮುಚ್ಚಳ ವಾಲಿ ಗುಳಿಗೆ ಹಾಸಿಗೆಗೆ ಬಿತ್ತು. ಗಾಬರಿಯಲ್ಲಿ ಎರಡು ಬೆರಳಿಂದ ಎತ್ತಿ ಅವರ ನಾಲಿಗೆಯ ಮೇಲಿಟ್ಟೆ. ಅವರು ನನ್ನನ್ನೇ ನೋಡುತ್ತಾ ಅದನ್ನು ಉಗಿದರು. ಸೊಟ್ಟಗಾದ ಬಾಯಿಂದ ಎರಡೇ ಮಾತು ಹೊರಟವು.

‘ಕೈ ಬೇಡ.’

ವಾರದೊಳಗೆ ತೀರಿಕೊಂಡರು. ನನ್ನ ಗುರುತು ಹಿಡಿದು ಅಂದರೋ, ಔಷಧದ ನಿಯಮಕ್ಕೆ ಅಂದರೋ, ಇನ್ನು ಯಾರನ್ನು ಕೇಳಲಿ? ಅವ್ವನ ಅಂಗೈ ಈಗಲೂ ಬಿರಿಯುತ್ತದೆ. ಮುಲಾಮು ಹಚ್ಚುವಾಗೆಲ್ಲ ಆ ಡಾಕ್ಟರು ಎಲ್ಲಿದ್ದಾರೆಂದು ಕೇಳುತ್ತಾಳೆ. ಗೊತ್ತಿಲ್ಲ ಎನ್ನುತ್ತೇನೆ.