ಸಂತೆಕಲ್ಲೂರಿನ ರೈಫಲ್

ಎಂಬತ್ತರ ದಶಕದಲ್ಲಿ ಲಿಂಗಸುಗೂರಿನಲ್ಲಿ ನನ್ನದೊಂದು ಬಂದೂಕು ರಿಪೇರಿ ಅಂಗಡಿ ಇತ್ತು. ಒಮ್ಮೆ ಸಂತೆಕಲ್ಲೂರಿನ ಹಿರಿಯರು ಕರೆಸಿದರು. ಊರಲ್ಲಿ ಹುಚ್ಚುನಾಯಿ ಕಾಟ. ಬಂದೂಕಿನ ಲೈಸೆನ್ಸ್ ಇದ್ದದ್ದು ಖಾಸಿಂಸಾಹೇಬರೊಬ್ಬರಿಗೆ. ತಾನೇ ಗುಂಡು ತುಂಬಿಕೊಳ್ಳುವ ಅವರ ಪಾಯಿಂಟ್ ಟೂ-ಟೂ ರೈಫಲ್ ಮಾತ್ರ ಪ್ರತಿ ಗುಂಡಿಗೂ ಸಿಕ್ಕಿಕೊಳ್ಳುತ್ತಿತ್ತು.

ಬಸ್ಸಿನಲ್ಲಿ ನಿಂತೇ ಬಂದು ದಣಿದಿದ್ದೆ. ಸಾಹೇಬರ ಪಡಸಾಲೆಯಲ್ಲಿ ರೈಫಲ್ ಬಿಚ್ಚಿ ಮಸಿ ಒರೆಸಿದೆ, ಗುಂಡು ತುಂಬಿಡುವ ಮ್ಯಾಗಜಿನ್ನಿನ ಸೊಟ್ಟ ಬಾಯಿ ತಿದ್ದಿದೆ. ಆದರೆ ಹಾರಿಸಿದ ಮೇಲೆ ಖಾಲಿ ತೋಟಾ ಹೊರಗೆಳೆಯುವ ಪುಟ್ಟ ಕೊಕ್ಕೆಯೇ ಇರಲಿಲ್ಲ.

"ಕೊಕ್ಕಿ ಎಲ್ಲೋ ಬಿದ್ದೈತ್ರಿ," ಎಂದೆ.

ಸಾಹೇಬರು ಅಡಿಕೆ ಚೀಲದಿಂದ ಅದನ್ನು ತೆಗೆದು ತೋರಿಸಿದರು. "ನಾನ ಬಿಚ್ಚಿಟ್ಟೀನ್ರಿ. ಹೋದ ಸಲ ಊರ ಮಂದಿ ನನ್ನ ಕೈಲೆ ಹೊಡಿಸಿದ ನಾಯಿಗೆ ದಿನಾ ನಾನ ರೊಟ್ಟಿ ಹಾಕ್ತಿದ್ದೆ. ಅದಕ್ಕ ಹುಚ್ಚೂ ಹಿಡಿದಿದ್ದಿಲ್ಲ. ಇನ್ನ ನನ್ನ ಕೈಲೆ ಆಗಂಗಿಲ್ರಿ."

ಅವರು ಕೊಕ್ಕೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ನನಗೆ ವಾದ ಮಾಡುವ ತ್ರಾಣವಿರಲಿಲ್ಲ. ಹೊರಗೆ ಕಾಯುತ್ತಿದ್ದ ಹಿರಿಯರಿಗೆ, "ಸಾಮಾನು ಹೈದರಾಬಾದಿನಿಂದ ಬರಬೇಕ್ರಿ. ನಾಯಿ ಹೊಡ್ಯಾಕ ಬ್ಯಾರೆ ಊರಿನವ್ರನ್ನ ನೋಡ್ರಿ," ಎಂದೆ.

ಸಾಹೇಬರು ನನ್ನ ಚೀಲ ಹೊತ್ತುಕೊಂಡು ಬಸ್ಸಿನವರೆಗೂ ಬಂದರು. ಬಂದೂಕು ಸರಿ ಮಾಡಿಸಿಕೊಂಡವರು ಯಾರೂ ನನಗೆ ಅಷ್ಟು ಮರ್ಯಾದೆ ಮಾಡಿದ್ದು ನೆನಪಿಲ್ಲ.