ಸೂಲಗಿತ್ತಿ ಕೊಡದ ಉತ್ತರ

ಅರವತ್ತರ ದಶಕದ ಮೊದಲ ವರ್ಷಗಳು. ನಾನಾಗ ಹಳೇಬೀಡಿನಿಂದ ಜಾವಗಲ್ಲಿಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗಿದ್ದ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಬೇಲೂರು, ಹಳೇಬೀಡಿನಲ್ಲಿ ದೇವಸ್ಥಾನಗಳ ಬಗ್ಗೆ ಮಾತಾಡಿಸಿಕೊಂಡು ಬಂದ ರೇಡಿಯೋದವರಿಗೆ ಹಳ್ಳಿಯ ಹಾಡೂ ಬೇಕಾಗಿತ್ತು. ನಾನೇ ಅವರನ್ನು ನಮ್ಮೂರ ಸೂಲಗಿತ್ತಿ ಅಜ್ಜಿಯ ಮನೆಗೆ ಕರೆದೊಯ್ದೆ. ನನ್ನ ಇಬ್ಬರು ಮಕ್ಕಳ ಹೆರಿಗೆ ಮಾಡಿಸಿದವರು ಅವರು. ಸೋಬಾನೆ ಹಾಡಲು ಕೂತರೆ ಪದಗಳು ಮುಗಿಯುತ್ತಲೇ ಇರಲಿಲ್ಲ.

ಸಂದರ್ಶನ ಮಾಡುವವರು ನಯವಾದ ಮಾತಿನ ಮನುಷ್ಯ. "ಮನೆ, ಹೊಲ ಎಲ್ಲಾ ಹೇಗಿದೆ ಅಮ್ಮ?" ಎಂದು ಶುರು ಮಾಡಿದರು.

"ದೇವರ ದಯ, ಎಲ್ಲಾ ಚೆನ್ನಾಗೈತೆ ಸ್ವಾಮಿ."

ಅಜ್ಜಿ ಎರಡು ಪದ ಹಾಡಿದರು. ಆಮೇಲೆ ಆತ, "ಊರಿಗೆ ಏನೇನು ಅನುಕೂಲ ಆಗಿದೆ?" ಎಂದರು.

"ಏನಾಗೈತೆ? ಹೋದ ಮಳೆಗಾಲದಾಗೆ ಒಬ್ಬಳಿಗೆ ಮಗು ಅಡ್ಡ ಬಂದಿತ್ತು. ನನ್ನ ಕೈಲಾಗಲ್ಲ, ಆಸ್ಪತ್ರೆಗೆ ನಡೀರಿ ಅಂದೆ. ಗಾಡಿ ಕಟ್ಟಿದ್ರು. ರಸ್ತೆಗೆ ಹೋಗೋ ದಾರೀಲಿ ಹಳ್ಳ ತುಂಬಿ ಹರೀತಿತ್ತು. ಸೇತುವೆ ಕಟ್ತೀವಿ ಅಂತ ಕಲ್ಲು ತಂದು ಹಾಕಿ ಮೂರು ವರ್ಸ ಆಯ್ತು. ಆ ಕಲ್ಲಿನ ಪಕ್ಕದಾಗೇ ಪ್ರಾಣ ಬಿಟ್ಲು, ನನ್ನ ತೊಡೆ ಮ್ಯಾಲೆ. ಇದನ್ನ ನಿಮ್ಮ ರೇಡಿಯೋದಾಗೆ ಹಾಕಿ."

"ಖಂಡಿತಾ ಹಾಕ್ತೀವಿ ಅಮ್ಮ."

ತಿಂಗಳ ಮೇಲೆ ಒಂದು ಸಂಜೆ ಪಂಚಾಯಿತಿ ರೇಡಿಯೋದ ಮುಂದೆ ಇಡೀ ಊರು ಕೂತಿತ್ತು. ಹಾಡು ಬಂತು. ಎಲ್ಲರೂ ಹಿಗ್ಗಿದರು. ಆಮೇಲೆ ಅದೇ ನಯವಾದ ದನಿ, ಊರಿಗೆ ಏನೇನು ಅನುಕೂಲ ಆಗಿದೆ ಎಂದು ಕೇಳಿತು. "ದೇವರ ದಯ, ಎಲ್ಲಾ ಚೆನ್ನಾಗೈತೆ ಸ್ವಾಮಿ" ಎಂದಿತು ಅಜ್ಜಿಯ ದನಿ. ಅಲ್ಲಿಗೆ ಕಾರ್ಯಕ್ರಮ ಮುಗಿಯಿತು.

ಸತ್ತವಳ ಗಂಡ ಎದ್ದು ನಿಂತ. "ಎಲ್ಲಾ ಚೆನ್ನಾಗೈತಾ ಅಜ್ಜಿ?"

ಅಜ್ಜಿ ನನ್ನ ಕಡೆ ತಿರುಗಿದರು. ನಾನು ಎದ್ದು ಆ ದಿನ ನಡೆದದ್ದನ್ನೆಲ್ಲ ಹೇಳಿದೆ. ಅವನು ನಂಬಿದನೋ ಇಲ್ಲವೋ, ಟವಲು ಕೊಡವಿಕೊಂಡು ಹೊರಟುಹೋದ.

ರೇಡಿಯೋದವರಿಗೆ ಎರಡು ಕಾಗದ ಬರೆದೆ. ಉತ್ತರವಿಲ್ಲ. ಕೊನೆಗೆ ಅದೇ ಮನುಷ್ಯ ಅರಸೀಕೆರೆ ಪಕ್ಕದ ಮಾಲೇಕಲ್ಲು ದೇವಸ್ಥಾನಕ್ಕೆ ಬಂದಿದ್ದಾರೆಂದು ತಿಳಿದು, ರಜೆ ಹಾಕಿ ಅರಸೀಕೆರೆ ಬಸ್ಸು ಹತ್ತಿದೆ. ವಾಪಸು ಹೋಗುವ ರೈಲಿಗೆ ಕಾಯುತ್ತಾ ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಸಿಕ್ಕರು.

"ಹತ್ತು ನಿಮಿಷದ ಕಾರ್ಯಕ್ರಮ ಮೇಷ್ಟ್ರೇ. ಸಾವಿನ ಮಾತು ಯಾರಿಗೆ ಬೇಕು? ಹಾಡನ್ನ ಎಲ್ಲರೂ ಮೆಚ್ಚಿದ್ರು."

"ಆ ಮಾತು ಬಿಟ್ಟಿದ್ರೆ ಬಿಡಿ. ಅವರು ಕೊಡದ ಉತ್ತರಾನ ಅವರ ಬಾಯಿಗೆ ಯಾಕ್ರೀ ತುರುಕಿದ್ರಿ?"

ಆತ ಕಾಫಿಯ ದುಡ್ಡು ಕೊಟ್ಟು ಎದ್ದರು. ಪೂರ್ತಿ ಟೇಪು ಎಲ್ಲಿದೆ ಎಂದೆ. ಅಳಿಸಿ, ಅದರ ಮೇಲೆ ಯಾರದೋ ಭಾಷಣ ತುಂಬಿಸಿದ್ದಾಗಿತ್ತಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ಕೈ ಎತ್ತದೆ ವಾಪಸು ಬಂದದ್ದು ನೌಕರಿಯ ಭಯದಿಂದ. ಆ ಭಯದ ಮೇಲೂ ನನಗೆ ಸಿಟ್ಟಿತ್ತು.

ಅಜ್ಜಿಗೆ ಹೇಳಿದೆ. "ಅಳಿಸವ್ರಾ? ಹಂಗಾದ್ರೆ ನೀವು ಬರ್ಕಳಿ ಮೇಷ್ಟ್ರೇ" ಎಂದು ಜಗಲಿಯ ಮೇಲೆ ಕೂತು ಮೊದಲಿನಿಂದ ಮತ್ತೆ ಹೇಳಿದರು. ಮೂರು ಹಾಳೆಯಾಯಿತು.

ಪಂಚಾಯಿತಿ ಸಭೆಯಲ್ಲಿ ಅದನ್ನು ಓದತೊಡಗಿದೆ. ಸೇತುವೆಯ ಕಲ್ಲಿನ ಮಾತು ಬರುತ್ತಲೇ "ಸಾಕು, ಕೂತ್ಕಳ್ರೀ" ಎಂದು ಚೇರ್ಮನ್ನರು ಮೇಜು ಕುಟ್ಟಿದರು. ಬಾಗಿಲ ಬಳಿ ನಿಂತಿದ್ದ ಆ ಗಂಡ, "ಓದಿ ಮೇಷ್ಟ್ರೇ, ನಾನು ಕೇಳ್ಬೇಕು" ಅಂದ. ಪೂರ್ತಿ ಓದಿಯೇ ಕೂತೆ.

ಮರುತಿಂಗಳೇ ನನಗೆ ವರ್ಗವಾಯಿತು. ಹೊರಟ ದಿನ ಅಜ್ಜಿ ರಸ್ತೆಯವರೆಗೂ ಜೊತೆಗೆ ನಡೆದು ಬಂದರು. ದಾರಿಯುದ್ದಕ್ಕೂ ಚೇರ್ಮನ್ನರು, ರೇಡಿಯೋದವರು ಎಂದು ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈಯುತ್ತಿದ್ದರು. ನಾನು ತಡೆಯಲಿಲ್ಲ.